ರತ್ನಗಂಬಳಿ ವ್ಯಾಪಾರಿ (ಜಲವರ್ಣ ಚಿತ್ರ)

ರತ್ನಗಂಬಳಿ ವ್ಯಾಪಾರಿ (ಸ್ಪ್ಯಾನಿಷ್: ಎಲ್ ವೆಂದೆದೋರ್ ದೆ ತಾಪಿಸೆಸ್) ಸ್ಪೇನ್ ದೇಶದ ಚಿತ್ರಕಾರ ಮರಿಯಾನೊ ಫೋರ್ತುನಿ ಇ ಮರ್ಸಾಲ್ 1870ರಲ್ಲಿ ರಚಿಸಿದ ಜಲವರ್ಣ ಚಿತ್ರ. ಕಾಗದದ ಮೇಲೆ ಬರೆದ ಈ ಚಿತ್ರದ ಅಳತೆ 59 × 85 ಸೆಂಟಿಮೀಟರ್. ಬಾರ್ಸಿಲೋನಾ ನಗರದ ಸಮೀಪದ ಮೊನ್ತ್ಸೆರಾತ್ ಬೆಟ್ಟದಲ್ಲಿರುವ ಬೆನೆಡಿಕ್ಟೀನ್ ಮಠದ ವಸ್ತುಸಂಗ್ರಹಾಲಯದಲ್ಲಿ ಇದು ಇದೆ. ಮೊರೊಕ್ಕೊದ ಪೇಟೆಯೊಂದರಲ್ಲಿ ನಡೆಯುವ ಕಂಬಳಿ ವ್ಯಾಪಾರ ಇದರ ವಸ್ತು. ಹತ್ತೊಂಬತ್ತನೆಯ ಶತಮಾನದ ಸ್ಪೇನಿನಲ್ಲಿ ಜಲವರ್ಣ ಮಾಧ್ಯಮಕ್ಕೆ ತೈಲವರ್ಣಕ್ಕೆ ಸಮನಾದ ಸ್ಥಾನವನ್ನು ತಂದುಕೊಟ್ಟವರಲ್ಲಿ ಫೋರ್ತುನಿಯೇ ಮೊದಲಿಗನೆಂದು ಸಾಮಾನ್ಯವಾಗಿ ಒಪ್ಪಲಾಗಿದೆ; ಆ ಮಾತಿಗೆ ಆಧಾರವಾಗಿ ತೋರಿಸಬಹುದಾದ ಚಿತ್ರಗಳಲ್ಲಿ ಇದೂ ಒಂದು.

ಚಿತ್ರಕಾರನ ಹೆಸರನ್ನು ಕತಲಾನ್ ಭಾಷೆಯಲ್ಲಿ ಮರಿಯಾ ಫೋರ್ತುನಿ ಇ ಮರ್ಸಾಲ್ ಎಂದು ಬರೆಯುತ್ತಾರೆ. ಈತನ ಮಗನ ಹೆಸರೂ ಮರಿಯಾನೊ ಫೋರ್ತುನಿಯೇ. ವೆನಿಸ್ ನಗರದಲ್ಲಿ ನೆಲೆಸಿ ರೇಷ್ಮೆ ಉಡುಪುಗಳ ವಿನ್ಯಾಸಕ್ಕೆ ಹೆಸರಾದ ಫೋರ್ತುನಿ ಮಗನೇ ಹೊರತು ತಂದೆಯಲ್ಲ. ಹೆಸರು ಒಂದೇ ಆಗಿರುವುದರಿಂದ ಹುಡುಕುವವರು ಇಬ್ಬರನ್ನೂ ಒಬ್ಬನೆಂದೇ ಭಾವಿಸುವುದುಂಟು.

ಚಿತ್ರದ ವಸ್ತು

ಬಿಸಿಲು ತುಂಬಿದ ಬೀದಿ, ಅಂಗಡಿಯ ಮುಂಭಾಗ, ಕಂಬಳಿಗಳು, ಮಾರುವವನು, ನೋಡುವವರು. ಕಥೆ ಎನ್ನಬಹುದಾದುದು ಚಿತ್ರದಲ್ಲಿ ಇಷ್ಟೇ. ಇಲ್ಲಿ ಯುದ್ಧವಿಲ್ಲ, ಅಂತಃಪುರವಿಲ್ಲ, ಗುಲಾಮರ ಸಂತೆಯಿಲ್ಲ. ಅದೇ ಕಾಲದ ಯೂರೋಪಿನ ಚಿತ್ರಕಾರರು ಅರಬ್ಬೀ ನಾಡುಗಳನ್ನು ಚಿತ್ರಿಸುವಾಗ ಇವುಗಳಲ್ಲಿ ಒಂದನ್ನಾದರೂ ತಂದು ಕೂರಿಸುತ್ತಿದ್ದುದನ್ನು ನೆನೆದರೆ ಈ ಚಿತ್ರದ ಸಾಧಾರಣತೆ ಗಮನಕ್ಕೆ ಬರುತ್ತದೆ. ಎಲ್ಲ ಊರುಗಳ ಪೇಟೆಯಲ್ಲೂ ನಡೆಯುವ ಒಂದು ವ್ಯವಹಾರವನ್ನು ಫೋರ್ತುನಿ ಆರಿಸಿಕೊಂಡ.

ಆದರೆ ಚಿತ್ರಕಾರನಿಗೆ ಈ ವಸ್ತು ಸುಲಭವಾದುದಲ್ಲ. ರತ್ನಗಂಬಳಿ ಎಂಬುದು ತಾನೇ ಒಂದು ಚಿತ್ರ. ಅದನ್ನು ನೇಯ್ದವರು ಬಣ್ಣಗಳನ್ನು ಆಗಲೇ ಹೊಂದಿಸಿ ಇಟ್ಟಿರುತ್ತಾರೆ. ಅದರ ಒಂದೊಂದು ಬಳ್ಳಿಯನ್ನೂ ಎಣಿಸಿ ಬರೆದರೆ ಚಿತ್ರ ನೆಯ್ಗೆಯ ನಕಾಶೆಯಾಗುತ್ತದೆ. ಬರೆಯದೆ ಬಿಟ್ಟರೆ ಕಂಬಳಿ ಬರಿಯ ಕೆಂಪು ಬಟ್ಟೆಯಾಗುತ್ತದೆ. ಫೋರ್ತುನಿ ಹಿಡಿದದ್ದು ನಡುವಿನ ದಾರಿ. ಹತ್ತಿರ ಹೋಗಿ ನೋಡಿದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು, ಎಳೆಗಳು, ಕಲೆಗಳು ಮಾತ್ರ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವೇ ಉಣ್ಣೆಯ ದಪ್ಪವನ್ನೂ ಮಡಿಕೆಯ ಭಾರವನ್ನೂ ಪಡೆಯುತ್ತವೆ. ಗೋಡೆಯ ಬಿಳುಪು ಮತ್ತು ಕಂಬಳಿಯ ಬಣ್ಣ ಒಂದನ್ನೊಂದು ಎತ್ತಿ ತೋರಿಸುತ್ತವೆ.

ಚಿತ್ರದ ಕಾಲದ ಬಗ್ಗೆ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಫೋರ್ತುನಿ ಮೊರೊಕ್ಕೊಗೆ ಹೋದದ್ದು ಮೂರು ಬಾರಿ: 1860, 1862 ಮತ್ತು 1871. ಈ ಚಿತ್ರ 1870ರದು. ಅಂದರೆ ಎರಡನೆಯ ಪ್ರಯಾಣದಿಂದ ಮರಳಿದ ಎಂಟು ವರ್ಷಗಳ ಬಳಿಕ, ಮೂರನೆಯ ಪ್ರಯಾಣಕ್ಕೆ ಮುಂಚೆ ಬರೆದದ್ದು. ನೋಡಿದವರಿಗೆ ಸ್ಥಳದಲ್ಲೇ ಕುಳಿತು ಬರೆದಂತೆ ತೋರುವ ಬಿಸಿಲು ನಿಜವಾಗಿ ಟಿಪ್ಪಣಿ ಪುಸ್ತಕಗಳ ರೇಖಾಚಿತ್ರಗಳಿಂದ, ಕೋಣೆಯಲ್ಲಿ ಕೂಡಿಸಿಟ್ಟಿದ್ದ ಬಟ್ಟೆಬರೆ ಆಯುಧಗಳಿಂದ, ಎಲ್ಲಕ್ಕಿಂತ ಮಿಗಿಲಾಗಿ ನೆನಪಿನಿಂದ ಕಟ್ಟಿದ ಬಿಸಿಲು. ಆ ನೆನಪು ಅವನಿಗೆ ಹೇಗೆ ಬಂತೆಂಬುದನ್ನು ತಿಳಿಯಲು ಅವನ ಜೀವನವನ್ನು ನೋಡಬೇಕು.

ಬಾಲ್ಯ ಮತ್ತು ಶಿಕ್ಷಣ

ಮರಿಯಾನೊ ಫೋರ್ತುನಿ 1838ರ ಜೂನ್ 11ರಂದು ಕತಲೋನಿಯಾದ ತಾರಗೋನಾ ಪ್ರಾಂತದ ರೆಯುಸ್ ಪಟ್ಟಣದಲ್ಲಿ ಜನಿಸಿದ. ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಈತನನ್ನು ಬೆಳೆಸಿದವನು ಅಜ್ಜ. ಅಜ್ಜ ವೃತ್ತಿಯಲ್ಲಿ ಬಡಗಿ. ಮೇಣದ ಬೊಂಬೆಗಳನ್ನು ಮಾಡಿ ಊರೂರುಗಳಲ್ಲಿ ಪ್ರದರ್ಶಿಸುವುದು ಅವನ ಇನ್ನೊಂದು ಕಸುಬು. ಆ ಬೊಂಬೆಗಳಿಗೆ ಬಣ್ಣ ಹಚ್ಚುವ ಕೆಲಸ ಮೊಮ್ಮಗನ ಪಾಲಿಗೆ ಬಂತು. 1852ರಲ್ಲಿ, ಹುಡುಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ, ಅಜ್ಜ ಮೊಮ್ಮಗ ಇಬ್ಬರೂ ರೆಯುಸ್‌ನಿಂದ ಬಾರ್ಸಿಲೋನಾಕ್ಕೆ ನಡೆದೇ ಹೋದರು. ನಡುವಿನ ದೂರ ಸುಮಾರು ನೂರು ಕಿಲೋಮೀಟರ್. ಮೊಮ್ಮಗನನ್ನು ಚಿತ್ರಕಾರನನ್ನಾಗಿ ಮಾಡಬೇಕೆಂಬುದು ಅಜ್ಜನ ನಿಶ್ಚಯವಾಗಿತ್ತು.

ಬಾರ್ಸಿಲೋನಾದಲ್ಲಿ ದೊಮೆನೆಕ್ ತಲಾರ್ನ್ ಎಂಬ ಶಿಲ್ಪಿ ಹುಡುಗನ ಕೈಚಳಕವನ್ನು ಗುರುತಿಸಿ ಆಶ್ರಯ ನೀಡಿದ. ಬಳಿಕ ಯೋತ್ಜಾ ಕಲಾಶಾಲೆಯಲ್ಲಿ ಕ್ಲೌದಿ ಲೊರೆನ್ಸಾಲೆಯ ಬಳಿ ಶಿಕ್ಷಣ ನಡೆಯಿತು. ಲೊರೆನ್ಸಾಲೆ ಜರ್ಮನಿಯ ನಜರೀನ್ ಪಂಥದ ಅನುಯಾಯಿ. ಶುದ್ಧವಾದ ರೇಖೆ, ಶಾಂತ ಮುಖಗಳು, ಧಾರ್ಮಿಕ ಮತ್ತು ಐತಿಹಾಸಿಕ ವಸ್ತು, ಇವು ಆ ಪಂಥದ ಲಕ್ಷಣಗಳು. ಫೋರ್ತುನಿಯ ಮುಂದಿನ ಚಿತ್ರಗಳಲ್ಲಿ ಈ ಪಂಥದ ಗುರುತು ಉಳಿದಿಲ್ಲ. ಆದರೆ ರೇಖೆಯ ಶಿಸ್ತು ಉಳಿದಿದೆ, ಮತ್ತು ಜಲವರ್ಣಕ್ಕೆ ಬೇಕಾದದ್ದು ಅದೇ: ಒಮ್ಮೆ ಹಚ್ಚಿದ ಬಣ್ಣವನ್ನು ತೈಲವರ್ಣದಂತೆ ಕೆರೆದು ಮತ್ತೆ ಬರೆಯಲು ಇಲ್ಲಿ ಅವಕಾಶ ಕಡಿಮೆ. 1857ರಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದು ರೋಮ್ ನಗರದಲ್ಲಿ ಕಲಿಯಲು ಶಿಷ್ಯವೇತನ ಪಡೆದು, ಮರುವರ್ಷ ಅಲ್ಲಿಗೆ ತೆರಳಿದ.

ಮೊರೊಕ್ಕೊ ಯುದ್ಧ

1859ರ ಅಕ್ಟೋಬರ್ ತಿಂಗಳಲ್ಲಿ ಸ್ಪೇನ್ ಮೊರೊಕ್ಕೊದ ಮೇಲೆ ಯುದ್ಧ ಸಾರಿತು. ಜನರಲ್ ಓ'ಡೊನೆಲ್ ದಂಡನಾಯಕ. ಕತಲೋನಿಯಾದ ಸ್ವಯಂಸೇವಕ ಪಡೆಯನ್ನು ನಡೆಸಿದ ಜನರಲ್ ಪ್ರಿಮ್ ಫೋರ್ತುನಿಯ ಊರಾದ ರೆಯುಸ್‌ನವನೇ. ಈ ಪಡೆಯ ಸಾಹಸಗಳನ್ನು ಚಿತ್ರಗಳಲ್ಲಿ ದಾಖಲಿಸಬೇಕೆಂದು ಬಾರ್ಸಿಲೋನಾದ ಪ್ರಾಂತೀಯ ಮಂಡಳಿ ಬಯಸಿತು. ಆಗ ಇಪ್ಪತ್ತೊಂದು ವರ್ಷದ ಫೋರ್ತುನಿಯನ್ನು ರೋಮಿನಿಂದ ಕರೆಸಿ 1860ರ ಫೆಬ್ರವರಿಯಲ್ಲಿ ಆಫ್ರಿಕಕ್ಕೆ ಕಳುಹಿಸಿತು.

ಯುದ್ಧದ ಮುಖ್ಯ ಕಾಳಗವಾದ ತೆತುವಾನ್ ಯುದ್ಧ ನಡೆದದ್ದು ಫೆಬ್ರವರಿ 4ರಂದು. ಫೋರ್ತುನಿ ಅಲ್ಲಿಗೆ ತಲುಪುವ ವೇಳೆಗೆ ಅದು ಮುಗಿದಿತ್ತು. ಮಾರ್ಚ್ 23ರ ವಾದ್-ರಾಸ್ ಕಾಳಗವನ್ನು ಮಾತ್ರ ಆತ ಕಂಡ. ಎರಡು ಕಾಳಗಗಳ ನಡುವಿನ ವಾರಗಳಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ಬೀದಿ ಸುತ್ತಿದ. ಬಿಡಾರಗಳು, ಕುದುರೆಗಳು, ಸುಣ್ಣದ ಗೋಡೆಗಳು, ಮೇಲಂಗಿ ಹೊದ್ದ ಜನ, ಅವರು ಕೂರುವ ನಿಲ್ಲುವ ಬಗೆ ಎಲ್ಲವೂ ಪುಸ್ತಕ ಸೇರಿದವು. ರೋಮಿನ ಕಲಾಶಾಲೆಗಳ ಮಂದ ಬೆಳಕಿಗೆ ಒಗ್ಗಿದ್ದ ಕಣ್ಣಿಗೆ ಉತ್ತರ ಆಫ್ರಿಕದ ಬೆಳಕು ಬೇರೆಯೇ ಪಾಠವನ್ನು ಹೇಳಿತು: ನೆರಳು ಕಪ್ಪಲ್ಲ, ಅದರಲ್ಲೂ ಬಣ್ಣವಿದೆ, ಬೆಳ್ಳಗಿನ ಗೋಡೆ ಬೆಳ್ಳಗಿಲ್ಲ. ಕಳುಹಿಸಿದವರಿಗೆ ಬೇಕಾಗಿದ್ದುದು ಗೆಲುವಿನ ಚಿತ್ರ. ಹೋದವನ ಕಣ್ಣಿಗೆ ಬಿದ್ದದ್ದು ಸೋತವರ ಊರು ಮತ್ತು ಅಲ್ಲಿನ ಬಿಸಿಲು. ಫೋರ್ತುನಿಯ ಮುಂದಿನ ಹದಿನಾಲ್ಕು ವರ್ಷಗಳ ಕೆಲಸವನ್ನು ಅರ್ಥಮಾಡಿಕೊಳ್ಳಲು ಈ ಒಂದು ವ್ಯತ್ಯಾಸ ಬಹಳ ಸಹಾಯಕ.

ಮುಗಿಯದ ಯುದ್ಧಚಿತ್ರ

ಹಿಂದಿರುಗಿದ ಮೇಲೆ ಪ್ರಾಂತೀಯ ಮಂಡಳಿ ಆತನನ್ನು ಫ್ರಾನ್ಸಿಗೆ ಕಳುಹಿಸಿತು. ವರ್ಸೇಲ್ಸ್ ಅರಮನೆಯಲ್ಲಿದ್ದ ಒರಾಸ್ ವೆರ್ನೆಯ ಯುದ್ಧಚಿತ್ರಗಳನ್ನು, ವಿಶೇಷವಾಗಿ ಅಲ್ಜೀರಿಯದ ಅಬ್ದುಲ್ ಖಾದರನ ಬಿಡಾರವನ್ನು ಫ್ರೆಂಚರು ವಶಪಡಿಸಿಕೊಂಡ ಬೃಹತ್ ಚಿತ್ರವನ್ನು, ನೋಡಿ ಅದೇ ಮಾದರಿಯಲ್ಲಿ ಬರೆಯಬೇಕೆಂಬುದು ಉದ್ದೇಶ. ಸಾಮಗ್ರಿಯನ್ನು ಕೂಡಿಸಲು 1862ರಲ್ಲಿ ಎರಡನೆಯ ಬಾರಿ ಮೊರೊಕ್ಕೊ ಪ್ರಯಾಣವಾಯಿತು.

ತೆತುವಾನ್ ಯುದ್ಧದ ಈ ತೈಲಚಿತ್ರ 3 ಮೀಟರ್ ಎತ್ತರ, 9.72 ಮೀಟರ್ ಅಗಲದ್ದು. ಫೋರ್ತುನಿ ಅದರಲ್ಲಿ ವರ್ಷಗಟ್ಟಲೆ ದುಡಿದು ಕೊನೆಗೆ ಕೈಬಿಟ್ಟ. ಮಂಡಳಿ ಒತ್ತಾಯಿಸಿದಾಗ ಪಡೆದ ಹಣವನ್ನು ಹಿಂದಿರುಗಿಸಿದ. ಅವನು ತೀರಿಕೊಂಡ ಬಳಿಕ ಮಂಡಳಿಯೇ ಅದನ್ನು ಕೊಂಡುಕೊಂಡಿತು. ಈಗ ಬಾರ್ಸಿಲೋನಾದ ಕತಲೋನಿಯಾ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಮುಗಿಯದ ಆ ಚಿತ್ರದಲ್ಲಿ ನೋಡುಗರ ಕಣ್ಣು ದಂಡನಾಯಕರ ಮೇಲೆ ನಿಲ್ಲುವುದಿಲ್ಲ. ಧೂಳು, ಚದುರಿ ಓಡುವ ಗುಂಪು, ಅಗಲವಾದ ಆಕಾಶ, ಇವೇ ಮುಂದೆ ಬರುತ್ತವೆ. ಆಜ್ಞಾಪಿಸಿದ ವಿಷಯವನ್ನು ಬರೆಯಲಾರದ ಚಿತ್ರಕಾರನೊಬ್ಬನ ದಾಖಲೆಯೆಂದು ಅದನ್ನು ಓದಬಹುದು. ಹತ್ತು ಮೀಟರಿನ ಬಟ್ಟೆಯಲ್ಲಿ ಕೈಗೂಡದುದು ಮುಂದೆ ಒಂದು ಮೀಟರನ್ನೂ ಮುಟ್ಟದ ಕಾಗದದಲ್ಲಿ ಕೈಗೂಡಿತು.

ಜಲವರ್ಣದ ಅಭ್ಯಾಸ

1861ರಲ್ಲೇ ಫೋರ್ತುನಿ 'ಇಲ್ ಕೊಂತೀನೊ' (ಎಳೆಯ ಕೌಂಟ್) ಎಂಬ ಜಲವರ್ಣ ಚಿತ್ರವನ್ನು ರೋಮಿನಲ್ಲಿ ಬರೆದು ಶಿಷ್ಯವೇತನದ ಬಾಬ್ತು ಬಾರ್ಸಿಲೋನಾಕ್ಕೆ ಕಳುಹಿಸಿದ್ದ. ಹದಿನೆಂಟನೆಯ ಶತಮಾನದ ಉಡುಪು ತೊಟ್ಟ ಷೋಕಿಯ ತರುಣನೊಬ್ಬ ಉದ್ಯಾನದಲ್ಲಿ ನಿಂತಿರುವ ಚಿತ್ರವದು. ವಿದ್ಯಾರ್ಥಿಯೊಬ್ಬ ಶಿಷ್ಯವೇತನಕ್ಕೆ ಬದಲಾಗಿ ಗಂಭೀರವಾದ ತೈಲಚಿತ್ರಗಳನ್ನು ಒಪ್ಪಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ ಹಗುರವಾದ ವಸ್ತು, ಹಗುರವಾದ ಮಾಧ್ಯಮ ಎರಡನ್ನೂ ಆರಿಸಿಕೊಂಡದ್ದು ಸಣ್ಣ ಧೈರ್ಯವಲ್ಲ.

ಜಲವರ್ಣವನ್ನು ಆಗ ಹೆಚ್ಚಾಗಿ ಪೂರ್ವಸಿದ್ಧತೆಯ ಮಾಧ್ಯಮವೆಂದೇ ಭಾವಿಸಲಾಗಿತ್ತು. ದೊಡ್ಡ ಚಿತ್ರಕ್ಕೆ ಬಣ್ಣ ಹೊಂದಿಸಿ ನೋಡುವುದಕ್ಕೆ, ಪ್ರವಾಸದಲ್ಲಿ ಟಿಪ್ಪಣಿ ಮಾಡುವುದಕ್ಕೆ ಅದು ಸಾಕು. ಗೋಡೆಗೆ ತೂಗುಹಾಕುವ ಕೃತಿಗೆ ತೈಲವೇ ಆಗಬೇಕು. ಇಂಗ್ಲೆಂಡಿನಲ್ಲಿ ಈ ಭಾವನೆಯ ವಿರುದ್ಧ 1804ರಲ್ಲೇ ಜಲವರ್ಣ ಚಿತ್ರಕಾರರ ಸಂಘ ಹುಟ್ಟಿ ಪ್ರದರ್ಶನಗಳನ್ನು ನಡೆಸುತ್ತಿತ್ತು. ಅಲ್ಲಿನವರು ತಮ್ಮ ಚಿತ್ರಗಳಿಗೆ ತೈಲಚಿತ್ರಗಳಿಗೆ ಹಾಕುವಂಥದ್ದೇ ಭಾರವಾದ ಚಿನ್ನದ ಲೇಪದ ಚೌಕಟ್ಟು ಹಾಕಿಸುತ್ತಿದ್ದುದಕ್ಕೆ ಕಾರಣ ಅಲಂಕಾರ ಮಾತ್ರವಲ್ಲ. ತಮ್ಮ ಕೃತಿ ಕೆಳದರ್ಜೆಯದಲ್ಲ ಎಂಬ ಘೋಷಣೆ ಅದರಲ್ಲಿತ್ತು. ಸ್ಪೇನಿನಲ್ಲಿ ಅಂಥ ಪರಂಪರೆ ಇರಲಿಲ್ಲ. ಆ ಸ್ಥಾನವನ್ನು ಫೋರ್ತುನಿ ಬಹುಮಟ್ಟಿಗೆ ಕೈಕೆಲಸದ ಬಲದಿಂದಲೇ ಗಳಿಸಬೇಕಾಯಿತು.

ಆತನ ವಿಧಾನದ ಬಗ್ಗೆ ಎರಡು ಮಾತು. ಜಲವರ್ಣದಲ್ಲಿ ಬಣ್ಣವನ್ನು ನೀರಿನಲ್ಲಿ ತೆಳುವಾಗಿ ಕದಡಿ ಹಚ್ಚುವುದರಿಂದ ಕೆಳಗಿನ ಕಾಗದ ಹೊಳೆಯುತ್ತದೆ. ಬಿಳಿ ಬಣ್ಣವನ್ನು ಬೇರೆ ಹಚ್ಚುವುದಿಲ್ಲ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೆಯೇ ಬಿಡಬೇಕು. ಎಲ್ಲಿ ಬರೆಯಬಾರದೆಂದು ಮೊದಲೇ ತಿಳಿದಿರಬೇಕಾದ ಮಾಧ್ಯಮವಿದು. ಇದಕ್ಕೆ ಪ್ರತಿಯಾಗಿ ಗುವಾಶ್ ಎಂಬ ಬಗೆಯಲ್ಲಿ ಬಣ್ಣ ದಪ್ಪ, ಅಪಾರದರ್ಶಕ. ನಮ್ಮ ಶಾಲಾಮಕ್ಕಳು ಬಳಸುವ ಪೋಸ್ಟರ್ ಬಣ್ಣವನ್ನು ನೆನೆದರೆ ಇದರ ಗುಣ ತಿಳಿಯುತ್ತದೆ. ಶುದ್ಧ ಜಲವರ್ಣದವರು ಗುವಾಶ್ ಬೆರೆಸುವುದನ್ನು ಒಪ್ಪುತ್ತಿರಲಿಲ್ಲ. ಫೋರ್ತುನಿ ಆ ಮಡಿಯನ್ನು ಪಾಲಿಸಲಿಲ್ಲ. ತಿಳಿಯಾದ ಲೇಪದ ಮೇಲೆ ಬೇಕಾದ ಕಡೆ ದಪ್ಪ ಬಣ್ಣದ ಚುಕ್ಕೆಯನ್ನಿಟ್ಟು ಮಿನುಗನ್ನು ತರುವುದು ಆತನ ರೂಢಿ. ಒಂದೇ ಹಾಳೆಯಲ್ಲಿ ನೀರಿನಂತೆ ಹರಿದ ನೆರಳೂ ಮಣಿಯಂತೆ ಕುಳಿತ ಬೆಳಕೂ ಇರುವುದು ಇದರಿಂದ.

1866ರಲ್ಲಿ ಮ್ಯಾಡ್ರಿಡ್‌ಗೆ ಬಂದಾಗ ಪ್ರಾದೊ ವಸ್ತುಸಂಗ್ರಹಾಲಯದಲ್ಲಿ ಕುಳಿತು ಹಿಂದಿನ ಆಚಾರ್ಯರನ್ನು ಜಲವರ್ಣದಲ್ಲಿ ನಕಲು ಮಾಡಿದ. ವೆಲಾಸ್ಕೆಸ್ ಬರೆದ ತತ್ತ್ವಜ್ಞಾನಿ ಮೆನಿಪ್ಪಸನ ಚಿತ್ರದ ನಕಲು ಇವುಗಳಲ್ಲಿ ಪ್ರಸಿದ್ಧ. ಅದೂ ಈಗ ಪ್ರಾದೊದಲ್ಲೇ ಇದೆ. ಮೂಲ ಚಿತ್ರ ತೈಲದ್ದು, ಆಳೆತ್ತರದ್ದು. ಹರಕು ಮೇಲುಹೊದಿಕೆಯ ಮುದುಕ ತಲೆ ತಿರುಗಿಸಿ ನೋಡುಗರತ್ತ ಕಳ್ಳನಗೆ ಬೀರುವ ಆ ಚಿತ್ರದ ಕಪ್ಪು ಮತ್ತು ಕಂದು ಬಣ್ಣಗಳನ್ನು ನೀರಿನ ಬಣ್ಣದಲ್ಲಿ ತರುವುದೆಂದರೆ ಮಾಧ್ಯಮವನ್ನು ಅದರ ಮೇರೆಯವರೆಗೆ ಎಳೆದು ನೋಡಿದಂತೆಯೇ. ರೋಮ್ ಕಲಿಸಿದ ಶಿಸ್ತಿನ ಜೊತೆಗೆ ವೆಲಾಸ್ಕೆಸ್ ಮತ್ತು ಗೋಯ ಇವರ ಬಿಡುಬೀಸಾದ ಕುಂಚವೂ ಸೇರಿದ್ದು ಈ ವರ್ಷಗಳಲ್ಲಿ. 1870ರ ಕಂಬಳಿಗಳ ಹಿಂದೆ ಈ ಅಭ್ಯಾಸವಿದೆ.

ಪ್ಯಾರಿಸಿನ ಮಾರುಕಟ್ಟೆ

ಪ್ರಾದೊದ ನಿರ್ದೇಶಕನಾಗಿದ್ದ ಚಿತ್ರಕಾರ ಫೆದೆರಿಕೊ ದೆ ಮದ್ರಾಸೊನ ಮಗಳು ಸೆಸಿಲಿಯಾಳನ್ನು ಫೋರ್ತುನಿ 1867ರ ನವೆಂಬರಿನಲ್ಲಿ ಮದುವೆಯಾದ. ಅದಕ್ಕೂ ಮುಂಚೆ 1866ರಲ್ಲಿ ಪ್ಯಾರಿಸಿನ ಪ್ರಸಿದ್ಧ ಕಲಾ ವ್ಯಾಪಾರಿ ಅದೋಲ್ಫ್ ಗುಪಿಲ್‌ನ ಸಂಪರ್ಕವಾಗಿತ್ತು. ಗುಪಿಲ್‌ನ ಸಂಸ್ಥೆ ಚಿತ್ರಗಳನ್ನು ಮಾರುವುದರ ಜೊತೆಗೆ ಅವುಗಳ ಅಚ್ಚಿನ ಪ್ರತಿಗಳನ್ನೂ ಮಾರುತ್ತಿದ್ದುದರಿಂದ ಅದರ ಚಿತ್ರಕಾರರ ಹೆಸರು ಬೇಗ ಹರಡುತ್ತಿತ್ತು. ಫಿಲಡೆಲ್ಫಿಯಾದಿಂದ ಬಂದು ಪ್ಯಾರಿಸಿನಲ್ಲಿ ನೆಲೆಸಿದ್ದ ಅಮೆರಿಕದ ಶ್ರೀಮಂತ ವಿಲಿಯಂ ಸ್ಟುಅರ್ಟ್ ಫೋರ್ತುನಿಯ ಚಿತ್ರಗಳನ್ನು ಆಸಕ್ತಿಯಿಂದ ಕೂಡಿಸಿದ. ಫ್ರೆಂಚ್ ಚಿತ್ರಕಾರ ಆನ್ರಿ ರೆನ್ಯೊ ರೋಮಿನಲ್ಲಿ ಈತನ ಜಲವರ್ಣಗಳನ್ನು ಕಂಡು ಬೆರಗಾಗಿ ಅವುಗಳನ್ನು ಹೊಗಳಿ ಪತ್ರ ಬರೆದ.

ಗುಪಿಲ್‌ನ ಗಿರಾಕಿಗಳಿಗೆ ಬೇಕಾದದ್ದು ಹದಿನೆಂಟನೆಯ ಶತಮಾನದ ರೇಷ್ಮೆ ಅಂಗಿ, ಜರತಾರಿ, ಬೀಸಣಿಗೆ, ಕೆತ್ತನೆಯ ಪೀಠೋಪಕರಣಗಳಿಂದ ತುಂಬಿದ ಚಿಕ್ಕ ಅಳತೆಯ ಚಿತ್ರಗಳು. ಈ ಬಗೆಯಲ್ಲಿ ಫೋರ್ತುನಿಯ ಅತ್ಯಂತ ಪ್ರಸಿದ್ಧ ಕೃತಿ 'ಲಾ ವಿಕರೀಆ'. ಚರ್ಚಿನ ಕಚೇರಿಯಲ್ಲಿ ಮದುವೆಯ ದಸ್ತಾವೇಜಿಗೆ ಸಹಿಯಾಗುತ್ತಿರುವ ದೃಶ್ಯ. ಪ್ಯಾರಿಸಿನಲ್ಲಿ ಚಿತ್ರಕಾರ ಜೆರೋಮ್‌ನ ಕೋಣೆಯಲ್ಲಿ ಇದರ ಕೆಲಸ ಸಾಗಿತು. ಆ ಕಾಲದ ಅಗ್ರ ಚಿತ್ರಕಾರನಾದ ಮೆಸೊನಿಯೆ ಸ್ವತಃ ಮಾದರಿಯಾಗಿ ನಿಂತ. 1870ರ ವಸಂತಕಾಲದಲ್ಲಿ ಗುಪಿಲ್‌ನ ಮಳಿಗೆಯಲ್ಲಿ ಪ್ರದರ್ಶನಗೊಂಡ ಈ ಚಿತ್ರ 70,000 ಫ್ರಾಂಕುಗಳಿಗೆ ಮಾರಾಟವಾಯಿತು. ಕವಿ, ವಿಮರ್ಶಕ ತೆಯೊಫೀಲ್ ಗೋತಿಯೆ ಪ್ರಶಂಸೆಯ ಲೇಖನ ಬರೆದ. ಮೂವತ್ತೆರಡು ತುಂಬುವ ಮೊದಲೇ ಫೋರ್ತುನಿ ಯೂರೋಪಿನ ಅತಿ ಬೇಡಿಕೆಯ ಚಿತ್ರಕಾರರಲ್ಲಿ ಒಬ್ಬನಾದ.

ರತ್ನಗಂಬಳಿ ವ್ಯಾಪಾರಿ ಈ ಜಯಭೇರಿಯ ವರ್ಷದ್ದೇ ಎಂಬುದು ಗಮನಾರ್ಹ. 'ಲಾ ವಿಕರೀಆ'ದಲ್ಲಿ ಮೆರುಗು ಹೆಚ್ಚು, ಹಾಸ್ಯವೂ ಇದೆ. ಆದರೆ ಅದರ ಜನ ನಾಟಕದ ಉಡುಪು ತೊಟ್ಟ ಪಾತ್ರಗಳಂತೆ ತೋರುತ್ತಾರೆ. ಜಲವರ್ಣದ ಕಂಬಳಿ ಅಂಗಡಿಯವರು ತಮ್ಮ ಬಟ್ಟೆಯಲ್ಲೇ ಇದ್ದಾರೆ, ತಮ್ಮ ಕೆಲಸದಲ್ಲೇ ಇದ್ದಾರೆ. ಎರಡನ್ನೂ ಬರೆದ ಕೈ ಒಂದೇ. ಮಾರುಕಟ್ಟೆ ಬಯಸಿದ ನುಣುಪಿಗೂ ತಾನು ಕಂಡ ಬಿಸಿಲಿಗೂ ನಡುವೆ ಆ ಕೈ ಎಳೆದಾಡುತ್ತಿದ್ದುದನ್ನು ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟರೆ ಕಾಣಬಹುದು.

ಗ್ರಾನಡಾ ಮತ್ತು ಕೊನೆಯ ವರ್ಷಗಳು

1870ರ ಬೇಸಿಗೆಯಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ಆರಂಭವಾಯಿತು. ಫೋರ್ತುನಿ ಸಂಸಾರಸಮೇತ ದಕ್ಷಿಣ ಸ್ಪೇನಿನ ಗ್ರಾನಡಾದಲ್ಲಿ ನೆಲೆಸಿ 1872ರವರೆಗೆ ಅಲ್ಲಿದ್ದ. (ಮೇಲೆ ಹೇಳಿದ ರೆನ್ಯೊ ಆ ಯುದ್ಧದಲ್ಲಿ 1871ರ ಜನವರಿಯಲ್ಲಿ ಮಡಿದ.) ಅಲ್‌ಹಂಬ್ರ ಅರಮನೆಯ ಊರಾದ ಗ್ರಾನಡಾ ಆತನಿಗೆ ಪ್ರಿಯವಾಯಿತು. ಮುಸ್ಲಿಂ ಅರಸರ ಕಾಲದ ಹೂಜಿಗಳು, ಬಣ್ಣದ ಹೆಂಚುಗಳು, ಹಳೆಯ ರೇಷ್ಮೆ ಮತ್ತು ಮಖಮಲ್ಲು, ಆಯುಧಗಳು ಇವನ್ನೆಲ್ಲ ಹುಡುಕಿ ಕೊಳ್ಳುವುದು ಆತನ ಹವ್ಯಾಸವಾಗಿತ್ತು. ಗ್ರಾನಡಾ ಬಳಿಯ ಸಲಾರ್ ಎಂಬ ಹಳ್ಳಿಯಲ್ಲಿ ದೊರೆತ, ಲೋಹದ ಮಿನುಗಿನ ದೊಡ್ಡ ಹೂಜಿಯೊಂದು ಇಂದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿದ್ದು, ಫೋರ್ತುನಿ ಹೂಜಿ ಎಂದೇ ಹೆಸರಾಗಿದೆ. ರತ್ನಗಂಬಳಿ ಅಂಗಡಿಯನ್ನು ಬರೆದವನು ಅಂಥ ಅಂಗಡಿಗಳ ಖಾಯಂ ಗಿರಾಕಿಯೂ ಆಗಿದ್ದ ಎಂಬುದು ಚಿತ್ರವನ್ನು ನೋಡುವಾಗ ನೆನಪಿಡಬೇಕಾದ ವಿಷಯ.

1871ರಲ್ಲಿ ಬಾಲ್ಯದ ಗೆಳೆಯ ಜುಸೆಪ್ ತಪಿರೊ ಮತ್ತು ಚಿತ್ರಕಾರ ಬೆರ್ನಾರ್ದೊ ಫೆರಾಂದಿಸ್ ಇವರ ಜೊತೆ ಮೂರನೆಯ ಬಾರಿ ಮೊರೊಕ್ಕೊ ಪ್ರಯಾಣ ನಡೆಯಿತು. ಈ ಬಾರಿ ಸೈನ್ಯವಿರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಗ್ರಾನಡಾದಲ್ಲಿ ಮಗ ಮರಿಯಾನೊ ಹುಟ್ಟಿದ. ಪ್ರಾದೊದಲ್ಲಿರುವ 'ಬಿಸಿಲಿನಲ್ಲಿ ಬರಿಮೈಯ ಮುದುಕ' ಎಂಬ ತೈಲಚಿತ್ರ ಗ್ರಾನಡಾದ ದಿನಗಳದ್ದು. ಸೊರಗಿದ ಎದೆ, ಮೇಲೆತ್ತಿದ ಮುಖ, ಮುಚ್ಚಿದ ಕಣ್ಣು. ಕೊಳ್ಳುವವರ ಯೋಚನೆಯನ್ನು ಬಿಟ್ಟು ಬರೆದ ಚಿತ್ರವೆಂಬುದು ನೋಡಿದ ಕೂಡಲೆ ತಿಳಿಯುತ್ತದೆ.

ಅನಂತರ ಸಂಸಾರ ರೋಮಿಗೆ ಮರಳಿತು. 1874ರ ಬೇಸಿಗೆಯನ್ನು ನೇಪಲ್ಸ್ ಬಳಿಯ ಪೋರ್ತಿಚಿ ಎಂಬ ಕಡಲತೀರದ ಊರಿನಲ್ಲಿ ಕಳೆದರು. ಅಲ್ಲಿ ಬರೆಯತೊಡಗಿದ ಕಡಲತೀರದ ದೊಡ್ಡ ಚಿತ್ರ (ಈಗ ಅಮೆರಿಕದ ಡಲ್ಲಾಸ್ ನಗರದ ಮೆಡೋಸ್ ಸಂಗ್ರಹಾಲಯದಲ್ಲಿದೆ) ಮತ್ತು ತನ್ನ ಇಬ್ಬರು ಮಕ್ಕಳನ್ನು ಜಪಾನಿ ಶೈಲಿಯ ಕೋಣೆಯಲ್ಲಿ ಚಿತ್ರಿಸಿದ ಕೃತಿ, ಇವೆರಡೂ ಹೊಸ ದಾರಿಯೊಂದರ ಆರಂಭದಂತಿವೆ. ರೇಷ್ಮೆಯಂಗಿಯ ಚಿತ್ರಗಳಿಂದ ಬಿಡಿಸಿಕೊಂಡು ತನಗೆ ಬೇಕಾದುದನ್ನು ಬರೆಯಬೇಕೆಂಬ ಬಯಕೆ ಆಗ ಆತನಲ್ಲಿ ಬಲವಾಗಿತ್ತು. ಅವಕಾಶ ಸಿಗಲಿಲ್ಲ. ರೋಮಿಗೆ ಹಿಂದಿರುಗಿದ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು 1874ರ ನವೆಂಬರ್ 21ರಂದು ತೀರಿಕೊಂಡ. ಆಗ ವಯಸ್ಸು ಮೂವತ್ತಾರು. ದೇಹವನ್ನು ರೋಮಿನಲ್ಲಿ ಮಣ್ಣುಮಾಡಲಾಯಿತು. ಹೃದಯವನ್ನು ಹುಟ್ಟೂರಾದ ರೆಯುಸ್‌ನ ಸಂತ ಪೀಟರನ ಚರ್ಚಿನಲ್ಲಿ ಇಡಲಾಗಿದೆ. ಮರುವರ್ಷ ಪ್ಯಾರಿಸಿನ ಒತೆಲ್ ದ್ರುಓ ಹರಾಜುಕಟ್ಟೆಯಲ್ಲಿ ಆತನ ಕೋಣೆಯಲ್ಲಿದ್ದ ಚಿತ್ರಗಳೂ ಸಂಗ್ರಹದ ವಸ್ತುಗಳೂ ಹರಾಜಾಗಿ ಚದುರಿಹೋದವು.

ಗಾಜು, ಚೌಕಟ್ಟು, ಬೆಳಕು

ತೈಲಚಿತ್ರಕ್ಕೆ ಗಾಜಿನ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಜಲವರ್ಣಕ್ಕೆ ಗಾಜಿಲ್ಲದೆ ಆಗದು, ಏಕೆಂದರೆ ಬಣ್ಣದ ಮೇಲೆ ವಾರ್ನಿಷಿನ ರಕ್ಷಣೆಯಿಲ್ಲ. ಒಂದು ಹನಿ ನೀರು ಬಿದ್ದರೂ ಬಣ್ಣ ಕದಡಬಹುದು. ಗಾಜು ಕಾಗದಕ್ಕೆ ನೇರವಾಗಿ ತಾಗಿದರೆ ತೇವ ಕೂಡಿ ಬೂಸ್ಟು ಹಿಡಿಯುತ್ತದೆ. ಅದಕ್ಕಾಗಿ ಚಿತ್ರದ ಸುತ್ತ ದಪ್ಪ ರಟ್ಟಿನ ಅಂಚು ಇಟ್ಟು ನಡುವೆ ಸ್ವಲ್ಪ ಜಾಗ ಉಳಿಸುತ್ತಾರೆ. ರಟ್ಟು ಆಮ್ಲರಹಿತವಾಗಿರಬೇಕು, ಅಗ್ಗದ ರಟ್ಟಾದರೆ ವರ್ಷಗಳು ಕಳೆದಂತೆ ಚಿತ್ರದ ಅಂಚಿಗೆ ಕಂದು ಗೆರೆ ಬೀಳುತ್ತದೆ. ಮನೆಯಲ್ಲಿ ಹಳೆಯ ಜಲವರ್ಣ ಚಿತ್ರವೋ ಮಕ್ಕಳ ಚಿತ್ರವೋ ಇರುವವರಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬೆಳಕು. ಬೆಳಕಿನಿಂದಾದ ಹಾನಿಯನ್ನು ಸರಿಪಡಿಸಲಾಗದು. ಕೊಚಿನೀಲ್ ಹುಳುವಿನಿಂದ ಮಾಡುತ್ತಿದ್ದ ಕಾರ್ಮಿನ್ ಮುಂತಾದ ಕೆಂಪು ಬಣ್ಣಗಳು ಇತರ ಬಣ್ಣಗಳಿಗಿಂತ ಬೇಗ ಮಾಸುತ್ತವೆ. ಆದ್ದರಿಂದ ಸಂಗ್ರಹಾಲಯಗಳು ಕಾಗದದ ಮೇಲಿನ ಕೃತಿಗಳಿಗೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಬಳಸುತ್ತವೆ. ಕೆಲವು ತಿಂಗಳು ತೂಗುಹಾಕಿ ಬಳಿಕ ಕತ್ತಲೆಯ ಕಪಾಟಿನಲ್ಲಿ ವಿಶ್ರಾಂತಿಗೆ ಇಡುವುದೂ ಉಂಟು. ಉರಿಬಿಸಿಲನ್ನು ಹಿಡಿದಿಟ್ಟ ಚಿತ್ರಗಳನ್ನು ಹೀಗೆ ಅರೆಗತ್ತಲಲ್ಲಿ ನೋಡಬೇಕಾಗಿ ಬಂದಿರುವುದು ವಿಚಿತ್ರವೇ ಸರಿ.

ಪ್ರಭಾವ ಮತ್ತು ವಿಮರ್ಶೆ

ಫೋರ್ತುನಿಯ ಜಲವರ್ಣಗಳು ಸ್ಪೇನ್ ಮತ್ತು ಇಟಲಿಗಳಲ್ಲಿ ಅನೇಕ ಅನುಯಾಯಿಗಳನ್ನು ಸೃಷ್ಟಿಸಿದವು. ಅನುಕರಣೆ ಎಷ್ಟು ಹೆಚ್ಚಿತೆಂದರೆ ಆತನ ಹೆಸರಿನಿಂದಲೇ ಒಂದು ಶೈಲಿಯನ್ನು ಕರೆಯುವಂತಾಯಿತು. ಅವರಲ್ಲಿ ಬಹುಮಂದಿ ಗುಪಿಲ್ ಮಾದರಿಯ ಮೆರುಗನ್ನು ಮಾತ್ರ ಕಲಿತರು. ಬೇರೆ ದಾರಿ ಹಿಡಿದವರಲ್ಲಿ ಜುಸೆಪ್ ತಪಿರೊ (1836–1913) ಮುಖ್ಯ. ಈತ ತಾಂಜಿಯರ್ ನಗರದಲ್ಲೇ ನೆಲೆಸಿ ಅಲ್ಲಿಯ ಜನರ ಮುಖಗಳನ್ನು ಜಲವರ್ಣದಲ್ಲಿ ಚಿತ್ರಿಸುತ್ತ ಅಲ್ಲೇ ತೀರಿಕೊಂಡ.

ಇಂಪ್ರೆಷನಿಸ್ಟ್ ಚಿತ್ರಕಾರರ ಮೊದಲ ಪ್ರದರ್ಶನ ಪ್ಯಾರಿಸಿನಲ್ಲಿ ನಡೆದದ್ದು ಫೋರ್ತುನಿ ಸತ್ತ 1874ರಲ್ಲೇ. ಮುಂದಿನ ಕಾಲದ ಅಭಿರುಚಿ ಅವರ ಕಡೆ ತಿರುಗಿತು. ಫೋರ್ತುನಿಯನ್ನು ಶ್ರೀಮಂತರ ಗೋಡೆಯ ಅಲಂಕಾರಕಾರನೆಂದು ಪಕ್ಕಕ್ಕಿಡಲಾಯಿತು. ಈ ತೀರ್ಪು 'ಲಾ ವಿಕರೀಆ'ದಂಥ ಚಿತ್ರಗಳಿಗೆ ಸ್ವಲ್ಪಮಟ್ಟಿಗೆ ಸಲ್ಲಬಹುದು. ಮೊರೊಕ್ಕೊದ ಜಲವರ್ಣಗಳಿಗೂ ಕೊನೆಯ ವರ್ಷಗಳ ಚಿತ್ರಗಳಿಗೂ ಸಲ್ಲದು. 2017–18ರಲ್ಲಿ ಪ್ರಾದೊ ನಡೆಸಿದ ದೊಡ್ಡ ಪ್ರದರ್ಶನ ಈ ಮರುಮೌಲ್ಯಮಾಪನಕ್ಕೆ ಬಲ ನೀಡಿತು.

ಇನ್ನೊಂದು ಪ್ರಶ್ನೆ ಎಡ್ವರ್ಡ್ ಸೈದ್ ಅವರ 1978ರ 'ಓರಿಯೆಂಟಲಿಸಂ' ಗ್ರಂಥದ ನಂತರ ಎದ್ದದ್ದು. ಯೂರೋಪಿನವರು ಪೂರ್ವದ ನಾಡುಗಳನ್ನು ಚಿತ್ರಿಸಿದ ಬಗೆಯಲ್ಲಿ ಆಳುವವರ ದೃಷ್ಟಿ ಅಡಗಿದೆ ಎಂಬ ವಾದದಿಂದ ಫೋರ್ತುನಿಗೂ ವಿನಾಯಿತಿ ಇಲ್ಲ. ಆತ ಮೊರೊಕ್ಕೊವನ್ನು ಮೊದಲು ಪ್ರವೇಶಿಸಿದ್ದು ಗೆದ್ದ ಸೈನ್ಯದ ಹಿಂದೆಯೇ. ಕಂಬಳಿ ವ್ಯಾಪಾರಿಯ ಹೆಸರು ನಮಗೆ ತಿಳಿಯದು; ಚಿತ್ರ ಕೊಳ್ಳಬಲ್ಲವರ ಹೆಸರು ಮಾತ್ರ ಇತಿಹಾಸದಲ್ಲಿ ಉಳಿದಿವೆ. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಗೆಲುವನ್ನು ಬರೆದುಕೊಡೆಂದು ಕಳುಹಿಸಿದವರ ಚಿತ್ರ ಅಪೂರ್ಣವಾಗಿ ಉಳಿಯಿತು. ಯಾರೂ ಕೇಳದಿದ್ದ ಪೇಟೆಯ ಚಿತ್ರ ಪೂರ್ಣವಾಯಿತು.

ಮಗ ಮರಿಯಾನೊ ಫೋರ್ತುನಿ ಇ ಮದ್ರಾಸೊ (1871–1949) ತಂದೆಯನ್ನು ಕಳೆದುಕೊಂಡಾಗ ಮೂರು ವರ್ಷದ ಮಗು. ಹರಾಜಿನಿಂದ ಉಳಿದು ತಾಯಿಯ ಬಳಿ ಇದ್ದ ಹಳೆಯ ಬಟ್ಟೆಗಳ ನಡುವೆ ಬೆಳೆದ ಆತ ವೆನಿಸಿನ ಪೆಸಾರೊ ಓರ್ಫೆಯಿ ಅರಮನೆಯಲ್ಲಿ ಕಾರ್ಯಾಗಾರ ನಡೆಸಿ, ಸಣ್ಣ ನೆರಿಗೆಗಳ ರೇಷ್ಮೆಯ 'ಡೆಲ್ಫೋಸ್' ನಿಲುವಂಗಿಯಿಂದಲೂ ಅಚ್ಚೊತ್ತಿದ ಮಖಮಲ್ಲಿನಿಂದಲೂ ಪ್ರಸಿದ್ಧನಾದ. ಆ ಅರಮನೆ ಇಂದು ಫೋರ್ತುನಿ ವಸ್ತುಸಂಗ್ರಹಾಲಯ. ತಂದೆಯ ಕೃತಿಗಳ ಮುಖ್ಯ ಸಂಗ್ರಹಗಳು ಬಾರ್ಸಿಲೋನಾದ ಕತಲೋನಿಯಾ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿಯೂ ಮ್ಯಾಡ್ರಿಡಿನ ಪ್ರಾದೊದಲ್ಲಿಯೂ ಇವೆ.